ನೋಎಸ್‌ಕ್ಯೂಎಲ್ ಮತ್ತು ಶಾಂತಾ ಆಂಟಿಯ ಜಂಪರ್

ಕತ್ತರಿಯನ್ನು ಮುಟ್ಟದೆಯೇ ನಾನು ಒಂದು ರೇಷ್ಮೆ ಸೀರೆಯನ್ನು ಕತ್ತರಿಸಿದ್ದೇನೆ.

ಅದು ನನ್ನ ಹೆಂಡತಿಯ ಸೀರೆಯಾಗಿದ್ದರೆ ಮಾತು ಮನೆಯೊಳಗೇ ಮುಗಿಯುತ್ತಿತ್ತು. ನಾಲ್ಕು ದಿನ ಮೊಸರನ್ನ ತಿಂದುಕೊಂಡು ಸುಮ್ಮನೆ ಇದ್ದುಬಿಡುತ್ತಿದ್ದೆ. ಆದರೆ ಕತ್ತರಿಸಿದ್ದು ಶಾಂತಾ ಆಂಟಿಯ ಸೀರೆ. ಆಕ್ಲೆಂಡಿನ ಕನ್ನಡದವರಿಗೆ ಇಷ್ಟು ಹೇಳಿದರೆ ಸಾಕು, "ಅಯ್ಯೋ ಪಾಪ" ಅಂದುಬಿಡುತ್ತಾರೆ. ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಶಾಂತಾ ಆಂಟಿ ಬಾಗಲಕೋಟೆಯವರು, ಹೆಂಡರ್ಸನ್ನಿನಲ್ಲಿ ಮನೆ, ವಯಸ್ಸು ಅರವತ್ತರ ಆಸುಪಾಸು. ಯಾರ ಕೈಯ ಹೋಳಿಗೆ ಚೆನ್ನ, ಯಾವ ಡಾಕ್ಟರು ನಾವು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ, ಯಾರ ಹತ್ತಿರ ಬ್ಲೌಸ್ ಹೊಲಿಸಬಹುದು, ಇವೆಲ್ಲ ನಮ್ಮ ಹೆಂಗಸರಲ್ಲಿ ತೀರ್ಮಾನವಾಗುವುದು ಅವರ ಒಂದು ಮಾತಿನಿಂದ.

ಈಗ ಮೊದಲಿನಿಂದ ಹೇಳುತ್ತೇನೆ, ಬೈಯುವುದನ್ನು ಕೊನೆಗೆ ಇಟ್ಟುಕೊಳ್ಳಿ.

ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್. ಈಗ ನಮ್ಮ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಕ್ಲೌಡ್. ಹೊಸ ಪ್ರಾಜೆಕ್ಟಿಗೆ ಕ್ಲೌಡಿನ ಫೈಲ್ ಸ್ಟೋರೇಜ್ ಒಳ್ಳೆಯದೋ, ನೋಎಸ್‌ಕ್ಯೂಎಲ್ ಡೇಟಾಬೇಸ್ ಒಳ್ಳೆಯದೋ, ಎರಡನ್ನೂ ಹೋಲಿಸಿ ಎರಡು ಪುಟ ಬರೆದುಕೊಡು ಅಂತ ಬಾಸ್ ನನಗೆ ಹೇಳಿದ್ದ. ಎರಡೇ ಪುಟ. ಮೂರು ವಾರದಿಂದ ತಿಣುಕುತ್ತಿದ್ದೆ. ಅಂಥ ಒಂದು ಶನಿವಾರ ಹೆಂಡತಿಯ ಬ್ಲೌಸ್ ತರಲು ಮೌಂಟ್ ರಾಸ್ಕಿಲ್‌ಗೆ ಹೋದೆ, ನಸ್ರೀನಕ್ಕನ ಗ್ಯಾರೇಜಿಗೆ.

ನಸ್ರೀನಕ್ಕ ನಮ್ಮ ಗದಗಿನವರೇ. ಎಷ್ಟೋ ವರ್ಷ ಬೇರೆಯವರ ಅಂಗಡಿಯಲ್ಲಿ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಾ ಕೂತಿದ್ದವರು, ಹೋದ ವರ್ಷ ಧೈರ್ಯ ಮಾಡಿ ಕೆಲಸ ಬಿಟ್ಟು ತಮ್ಮ ಗ್ಯಾರೇಜಿನಲ್ಲೇ ಹೊಲಿಗೆ ಶುರುಮಾಡಿದರು. ಗೋಡೆ ತುಂಬ ಮೊಳೆ, ಮೊಳೆಗೊಂದು ಪ್ಲಾಸ್ಟಿಕ್ ಚೀಲ, ಚೀಲಕ್ಕೊಂದು ಹೆಸರು. ಒಳಗೆ ಅಳತೆ ಬ್ಲೌಸು. ನಮ್ಮ ಹೆಂಗಸರಿಗೆ ಟೇಪು ಹಿಡಿಸಿಕೊಂಡು ನಿಲ್ಲುವುದೆಂದರೆ ಆಗದು. ಮೈಗೆ ಸರಿಯಾಗಿ ಕೂರುವ ಹಳೇ ಬ್ಲೌಸೊಂದನ್ನು ಕೊಟ್ಟು, "ಇದಕ್ಕಿಂತ ಕಾಲಿಂಚು ಬಿಗಿ, ತೋಳು ಇಷ್ಟೇ, ಬೆನ್ನು ಒಂಚೂರು ಮೇಲೆ" ಅಂತ ಹೇಳಿ ಹೋಗುತ್ತಾರೆ. ದರ್ಜಿಗೆ ಅಷ್ಟು ಸಾಕು.

ನನಗೆ ಸಾಕಾಗಲಿಲ್ಲ. ಮೂರು ವಾರದಿಂದ ತಲೆಯಲ್ಲಿ ಕೊಳೆಯುತ್ತಿದ್ದ ಜ್ಞಾನಕ್ಕೆ ಒಂದು ಗೋಡೆ ಸಿಕ್ಕಿತು.

"ಅಕ್ಕಾರ, ಈ ಚೀಲ ಎಲ್ಲಾ ಕ್ಲೌಡಿಗೆ ಹಾಕೂಣು," ಅಂದೆ.

"ಮ್ಯಾಲ ಹಾಕಿದ್ರ ಮಳಿಗೆ ತೊಯ್ಯಂಗಿಲ್ಲಲ್ಲ?" ಅಂದರು ನಸ್ರೀನಕ್ಕ, ಮಶೀನು ತುಳಿಯುತ್ತಲೇ.

ಎರಡು ದಾರಿ ಇವೆ ಅಂತ ವಿವರಿಸಿದೆ. ಒಂದು, ಪ್ರತಿ ಬ್ಲೌಸಿನ ಫೋಟೋ ತೆಗೆದು ಕ್ಲೌಡಿನಲ್ಲಿ ಇಡುವುದು. ಅದು ಫೈಲ್ ಸ್ಟೋರೇಜ್. ಇಟ್ಟದ್ದನ್ನು ಇಟ್ಟ ಹಾಗೆಯೇ ವಾಪಸ್ ಕೊಡುತ್ತದೆ, ಒಳಗೇನಿದೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಇನ್ನೊಂದು, ಎದೆ ಇಷ್ಟು, ತೋಳು ಇಷ್ಟು, ಉದ್ದ ಇಷ್ಟು ಅಂತ ಬಿಡಿಸಿ ಬರೆದಿಡುವುದು. ಅದು ನೋಎಸ್‌ಕ್ಯೂಎಲ್.

"ಫೋಟೋ ಸಾಕಲ್ರಿ ಅಣ್ಣಾರ. ನೋಡಿದ್ರ ನನಗ ತಿಳೀತೈತಿ."

"ನಿಮಗ ತಿಳೀತೈತಿ, ಕಂಪ್ಯೂಟರಿಗೆ ತಿಳಿಯಂಗಿಲ್ಲ. ನಾಳೆ ನೀವು ಮೂವತ್ತೆಂಟು ಇಂಚು ಎದಿ ಇರೋರು ಯಾರ್ಯಾರು ಅಂತ ಕೇಳಿದ್ರಿ ಅನ್ರಿ. ಫೋಟೋ ಹೇಳತೈತೇನು? ಡೇಟಾಬೇಸ್ ಆದ್ರ ಒಂದ ಸೆಕೆಂಡಿನ್ಯಾಗ ಪೂರಾ ಲಿಸ್ಟ್ ಕೊಡತೈತಿ."

ನಸ್ರೀನಕ್ಕ ಮಶೀನು ನಿಲ್ಲಿಸಿ ನನ್ನ ಮುಖ ನೋಡಿದರು.

"ಅದನ್ನ ಯಾಕ ಕೇಳಬೇಕ್ರಿ ನಾನು?"

ನಾನು ಗೋಡೆಯ ಚೀಲಗಳನ್ನು ಎಣಿಸತೊಡಗಿದೆ. (ಯಾಕೆ ಕೇಳಬೇಕು ಅಂತ ಇವತ್ತಿಗೂ ಗೊತ್ತಿಲ್ಲ. ಹೆಂಡತಿಗೆ ಈ ಭಾಗ ಹೇಳಿಯೂ ಇಲ್ಲ, ಅವಳಿಗೂ ಇಲ್ಲಿ ಓದಿಯೇ ಗೊತ್ತಾಗಬೇಕು.) ಅಲ್ಲಿಗೇ ಬಿಟ್ಟು ಬ್ಲೌಸ್ ತಗೊಂಡು ಮನೆಗೆ ಹೋಗಿದ್ದರೆ ನಾನು ಜಾಣ. ಹೋಗಲಿಲ್ಲ. ಸಾಫ್ಟ್‌ವೇರಿನವರಿಗೆ ಉಪಕಾರ ಮಾಡುವ ಹುಚ್ಚು ಹಿಡಿದರೆ, ಉಪಕಾರ ಮಾಡಿಸಿಕೊಳ್ಳುವವರು ಬೇಡ ಅಂದರೂ ಇಳಿಯುವುದಿಲ್ಲ.

ಎರಡು ವೀಕೆಂಡು ಕೂತು ಮಾಡಿದೆ. ಒಂದು ಹಳೇ ಟ್ಯಾಬ್ಲೆಟ್ಟು, ಅದರಲ್ಲೊಂದು ಆ್ಯಪ್, ಹಿಂದೆ ನೋಎಸ್‌ಕ್ಯೂಎಲ್. ಹೆಸರಿನಲ್ಲೇ 'ನೋ' ಇಟ್ಟುಕೊಂಡ ಈ ಪ್ರಾಣಿ ಯಾವುದಕ್ಕೂ ನೋ ಅನ್ನುವುದಿಲ್ಲ, ಗೊತ್ತೇ? ಹಳೇ ಕಾಲದ ಡೇಟಾಬೇಸು ಹಾಗಲ್ಲ. ಅದು ಬ್ಯಾಂಕಿನ ಕ್ಲಾರ್ಕು. ಇದು ತುಂಬಿಲ್ಲ, ಅದು ಸರಿಯಿಲ್ಲ ಅಂತ ಫಾರ್ಮು ವಾಪಸ್ ಎಸೆಯುತ್ತದೆ. ನೋಎಸ್‌ಕ್ಯೂಎಲ್ ಏನು ಬರೆದರೂ ತಗೊಳ್ಳುತ್ತದೆ, ಖಾಲಿ ಬಿಟ್ಟರೂ ತಗೊಳ್ಳುತ್ತದೆ. ಎಂಥ ಫ್ಲೆಕ್ಸಿಬಿಲಿಟಿ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಅದರ ಮೇಲೊಂದು ಕೈಚಳಕ ಬೇರೆ. ನಸ್ರೀನಕ್ಕ ಯಾವುದಾದರೂ ಅಳತೆ ಖಾಲಿ ಬಿಟ್ಟರೆ? ಆಗ ಆ್ಯಪ್ ತಾನೇ ತುಂಬಬೇಕು. ಇಲ್ಲಿನ ಹೊಲಿಗೆಯ ವೆಬ್‌ಸೈಟೊಂದರಿಂದ ಲಿಸ್ಟು ಎತ್ತಿಕೊಂಡೆ. ಶರ್ಟ್ ಆದರೆ ಇಷ್ಟು ಉದ್ದ, ಇಷ್ಟು ಲೂಸು. ಕೋಟ್ ಆದರೆ ಇಷ್ಟು. ಸ್ಕರ್ಟ್ ಆದರೆ ಇಷ್ಟು. ಹೀಗೆ ಇಪ್ಪತ್ತು ಬಗೆ ಬಟ್ಟೆ. ಓದಿ ನೋಡಿದೆನೇ? ಕಾಪಿ, ಪೇಸ್ಟ್.

ಕೊನೆಗೆ ನಾನು ಕೊಟ್ಟ ಸಲಹೆ ಎಲ್ಲಕ್ಕಿಂತ ದೊಡ್ಡದು. "ಅಕ್ಕಾರ, ಇನ್ನ ಅಳತಿ ಬ್ಲೌಸ್ ಇಟ್ಕೊಳ್ಳೂದು ಬ್ಯಾಡ. ಎಲ್ಲಾ ವಾಪಸ್ ಕೊಟ್ಟುಬಿಡ್ರಿ." ಕೊಟ್ಟುಬಿಟ್ಟರು. ಗೋಡೆ ಖಾಲಿಯಾಯಿತು. ಹೆಂಗಸರಿಗೆಲ್ಲ ಕಳೆದೇಹೋಯಿತು ಅಂದುಕೊಂಡಿದ್ದ ಬ್ಲೌಸುಗಳು ಸಿಕ್ಕಿ ಖುಷಿಯಾಯಿತು. ನಾನು ಖಾಲಿ ಗೋಡೆಯ ಫೋಟೋ ತೆಗೆದು ಆಫೀಸಿನಲ್ಲಿ ತೋರಿಸಿದೆ.

ಗಿರಾಕಿ ಹೆಚ್ಚಾದರು ಅಂತ ನಸ್ರೀನಕ್ಕ ಕತ್ತರಿಸಿ ಹೊಲಿಯುವ ಕೆಲಸಕ್ಕೆ ಮಾರ್ಗರೆಟ್ ಅನ್ನುವ, ನ್ಯೂಜಿಲೆಂಡಿನವಳೇ ಆದ ಹೆಂಗಸನ್ನು ಇಟ್ಟುಕೊಂಡರು. ಅರವತ್ತು ದಾಟಿದವಳು, ಉಣ್ಣೆ ಬಟ್ಟೆಯ ಕಾರ್ಖಾನೆಯಲ್ಲಿ ಇಡೀ ಆಯುಷ್ಯ ಕತ್ತರಿ ಹಿಡಿದವಳು, ಚೀಟಿಯಲ್ಲಿ ಏನು ಬರೆದಿದೆಯೋ ಅದನ್ನು ಕೂದಲೆಳೆಯಷ್ಟೂ ತಪ್ಪದೆ ಕತ್ತರಿಸುವವಳು. ಅವಳು ಬಂದು ಎರಡು ವಾರವಾಗಿತ್ತು. ಅಷ್ಟರಲ್ಲಿ ನಸ್ರೀನಕ್ಕನ ಮಗಳು ಕ್ರೈಸ್ಟ್‌ಚರ್ಚ್‌ನಲ್ಲಿ ಓದುವವಳು, ಮನೆ ಬದಲಿಸಬೇಕು ಅಂತ ಅಮ್ಮನನ್ನು ಕರೆದಳು. ಮೂರು ದಿನ. "ಟ್ಯಾಬ್ಲೆಟ್ ಐತೆಲ್ಲ, ಹೋಗಿ ಬರ್ರಿ," ಅಂತ ಕಳಿಸಿದವನೂ ನಾನೇ.

ನಾಲ್ಕನೇ ದಿನ ಫೋನು. "ಅಣ್ಣಾರ, ಒಂದೀಟ ಬಂದು ಹೋಗ್ರಿ." ದನಿ ಸಣ್ಣದಾಗಿತ್ತು. ಹೋದೆ.

ಹ್ಯಾಂಗರಿನಲ್ಲಿ ನವಿಲು ಬಣ್ಣದ ರೇಷ್ಮೆಯ ಅಂಗಿಯೊಂದು ತೂಗುತ್ತಿತ್ತು. ಮುಂಗೈವರೆಗೆ ತೋಳು. ಸೊಂಟದ ಕೆಳಗಿನವರೆಗೆ ಉದ್ದ. ಜರಿಯ ಅಂಚು ಅಡಿಯಲ್ಲಿ ಸುತ್ತಲೂ ಒಂದೇ ಸಮ ಬರುವ ಹಾಗೆ ಕೂತಿತ್ತು. ಒಳಗೆ ಇಬ್ಬರು ಹಿಡಿಸುವಷ್ಟು ಲೂಸು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಪಕ್ಕದಲ್ಲಿ ಮಾರ್ಗರೆಟ್ ಹೆಮ್ಮೆಯಿಂದ ನಿಂತಿದ್ದಳು. ಬಟ್ಟೆ ಬಹಳ ಸೊಗಸಾಗಿದೆ, ಜಂಪರಿಗೆ ಕೊಂಚ ಜೋರಾಯಿತು ಅನಿಸಿತು, ಆದರೆ ಮದುವೆ ಅಂತ ಬರೆದಿತ್ತಲ್ಲ, ಪುಣ್ಯಕ್ಕೆ ಆರು ಮೀಟರ್ ಬಟ್ಟೆ ಕೊಟ್ಟಿದ್ದರು, ಧಾರಾಳವಾಯಿತು ಅಂದಳು.

ಆರು ಮೀಟರ್. ಸೀರೆ. ಬ್ಲೌಸ್ ಪೀಸು ಸೀರೆಯ ತುದಿಗೇ ಅಂಟಿಕೊಂಡು ಬರುತ್ತದಲ್ಲ, ಅದಷ್ಟನ್ನು ಕತ್ತರಿಸಬೇಕಿತ್ತು. ಅಷ್ಟು ಬಟ್ಟೆ ಸಾಲಲಿಲ್ಲ ಅಂತ ಮಾರ್ಗರೆಟ್ ಸೀರೆಯೊಳಗೂ ಒಂದು ಮೀಟರಿನ ಮೇಲೆ ನುಗ್ಗಿದ್ದಳು. ಉಳಿದದ್ದರಲ್ಲಿ ನೆರಿಗೆ ಹಿಡಿದರೆ ಸೆರಗಿಲ್ಲ, ಸೆರಗು ಬಿಟ್ಟರೆ ನೆರಿಗೆಯಿಲ್ಲ.

ಆಗಿದ್ದೇನು? ಗದಗ, ಬಾಗಲಕೋಟೆ ಕಡೆ ಬ್ಲೌಸಿಗೆ ಜಂಪರ್ ಅನ್ನುತ್ತಾರೆ. ಈ ದೇಶದಲ್ಲಿ ಜಂಪರ್ ಅಂದರೆ ಸ್ವೆಟರು. ನಸ್ರೀನಕ್ಕ ಟ್ಯಾಬ್ಲೆಟ್ಟಿನಲ್ಲಿ 'ಜಂಪರ್' ಅಂತ ಬರೆದರು, ಎದೆಯ ಅಳತೆ ಒಂದು ಹಾಕಿದರು, ಉಳಿದದ್ದು ಖಾಲಿ. ಬೇರೆಯವರ ಅಳತೆ ಪೂರ್ತಿ ತುಂಬುತ್ತಿದ್ದರು, ಆಂಟಿಯದು ಮಾತ್ರ ಅವರ ಕೈಗೇ ಗೊತ್ತು, ತಾವೇ ಕತ್ತರಿಸುವವರಿದ್ದರು. ನೋಎಸ್‌ಕ್ಯೂಎಲ್ ನೋ ಅನ್ನಲಿಲ್ಲ. ನನ್ನ ಆ್ಯಪ್ ಲಿಸ್ಟು ತೆಗೆದು, ಜಂಪರ್ ಅನ್ನುವಲ್ಲಿ ಬೆರಳಿಟ್ಟು, ಖಾಲಿ ಜಾಗವನ್ನೆಲ್ಲ ಸ್ವೆಟರಿನ ಅಳತೆಯಿಂದ ತುಂಬಿ ಮಾರ್ಗರೆಟ್ ಮುಂದೆ ಹಿಡಿಯಿತು. ಅವಳಿಗೆ ತಾಳೆ ನೋಡಲು ಗೋಡೆಯ ಮೇಲೆ ಒಂದು ಅಳತೆ ಬ್ಲೌಸೂ ಇರಲಿಲ್ಲ.

ಇದು ಗೊತ್ತಾದಾಗ ನನಗೆ ಬಂದ ಮೊದಲ ಯೋಚನೆ ಹೇಳಲು ನಾಚಿಕೆಯಾಗುತ್ತದೆ. 'ಯೂಸರ್ ಎರರ್.' ಬಳಸಿದವರ ತಪ್ಪು. ನಮ್ಮ ಕಸುಬಿನಲ್ಲಿ ಏನು ಕೆಟ್ಟರೂ ಮೊದಲು ಬಾಯಿಗೆ ಬರುವ ಮಂತ್ರ ಇದು. ಜಂಪರ್ ಅಂತ ಬರೆದದ್ದು ನಾನಲ್ಲವಲ್ಲ?

ನಸ್ರೀನಕ್ಕ ಯಾರ ತಪ್ಪು ಅಂತ ಕೇಳಲೇ ಇಲ್ಲ. ಸ್ಟೂಲಿನ ಮೇಲೆ ಕೂತು, "ನನ್ನ ಕಡೆ ಬರೋ ಮಂದಿ ಎಲ್ಲಾ ಆಂಟಿ ಕಳಿಸಿದವರ ಅದಾರ್ರಿ. ಮಗಳ ಮದುವ್ಯಾಗ ಅವರು ಉಡೂ ಸೀರಿ ಇದು. ನಾಳಿಂದ ಯಾರು ಬರ್ತಾರ? ಮತ್ತ ಹೋಗಿ ಪ್ಯಾಂಟಿನ ಕಾಲ ಹೊಲೀಬೇಕು," ಅಂದರು. ಅಷ್ಟೇ. ನನಗೆ ಇದು ಎರಡು ವೀಕೆಂಡಿನ ಆಟ, ಅವರಿಗೆ ಅನ್ನ.

"ನಾನೂ ಬರ್ತೀನಿ. ನಾನ ಹೇಳ್ತೀನಿ," ಅಂದೆ.

ಹೆಂಡರ್ಸನ್ನಿಗೆ ಕಾರು ಓಡಿಸುತ್ತಾ ಒಂದು ವಿಷಯ ತಲೆಗೆ ಹೋಯಿತು. ಫೈಲ್ ಸ್ಟೋರೇಜನ್ನು ನಾವು ದಡ್ಡ ಅಂತ ಆಡಿಕೊಳ್ಳುತ್ತೇವೆ, ಒಳಗೇನಿದೆ ಅಂತ ಅದಕ್ಕೆ ತಿಳಿಯದು ಅಂತ. ಹೌದು, ತಿಳಿಯದು. ಆದರೆ ತಿಳಿದ ಹಾಗೆ ನಟಿಸುವುದೂ ಇಲ್ಲ. ಬ್ಲೌಸ್ ಕೊಟ್ಟರೆ ಬ್ಲೌಸನ್ನೇ ವಾಪಸ್ ಕೊಡುತ್ತದೆ. ಬೆನ್ನಿನ ಒಂಚೂರು ಮೇಲು, ತೋಳಿನ ಸಣ್ಣ ಮಡಿಕೆ, ಎಲ್ಲ ಅದರಲ್ಲೇ ಇರುತ್ತದೆ, ಯಾರೂ ಬಿಡಿಸಿ ಬರೆಯದಿದ್ದರೂ. ಬಿಡಿಸಿ ಬರೆಯುವ ಕೆಲಸಕ್ಕೆ ಕೈ ಹಾಕುವವನಿಗೆ ಮಾತ್ರ ಬಟ್ಟೆಯೂ ಗೊತ್ತಿರಬೇಕು, ಮಾತೂ ಗೊತ್ತಿರಬೇಕು. ಬಾಸಿನ ಎರಡು ಪುಟಕ್ಕೆ ಇಷ್ಟು ಸಾಕಿತ್ತು. ಇದನ್ನು ಕಲಿಯಲು ನನಗೆ ಒಂದು ರೇಷ್ಮೆ ಸೀರೆ ಬೇಕಾಯಿತು.

ಶಾಂತಾ ಆಂಟಿ ಬಾಗಿಲು ತೆಗೆದು ಚಹಾಕ್ಕಿಡಲು ಹೊರಟರು. ನಸ್ರೀನಕ್ಕ ತಡೆದು, ಚೀಲವನ್ನು ಸೋಫಾದ ಮೇಲಿಟ್ಟು ನೇರ ಹೇಳಿದರು. "ಆಂಟಿ, ಸೀರಿ ಕೆಟ್ಟೈತಿ. ನನ್ನ ಮನ್ಯಾಗ ಕೆಟ್ಟೈತಿ. ತಪ್ಪು ನಂದು."

"ಇಲ್ರಿ ಆಂಟಿ, ತಪ್ಪು ನಂದು," ಅಂದೆ.

ಅಲ್ಲಿಗೆ ಬಾಯಿ ಮುಚ್ಚಿದ್ದರೆ ನನ್ನ ಮರ್ಯಾದೆ ಅರ್ಧವಾದರೂ ಉಳಿಯುತ್ತಿತ್ತು. ಆಂಟಿ ಆ ಅಂಗಿಯನ್ನು ಎತ್ತಿ ಹಿಡಿದರು, ತೋಳು ನೋಡಿದರು, ಉಳಿದ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಅಂಚಿನ ಮೇಲೆ ಕೈಯಾಡಿಸಿದರು. "ಹುಬ್ಬಳ್ಳ್ಯಾಗ ಎರಡು ದಿನ ತಿರುಗಿ ಆರಿಸಿದ್ದೆ," ಅಂದರು. ಕಣ್ಣು ತುಂಬಿತ್ತು. ಆ ಹೊತ್ತಿನಲ್ಲಿ ನಾನು ಮಾಡಿದ್ದೇನು? "ಆಂಟಿ, ಏನಾತಂದ್ರ, ಕ್ಲೌಡಿನ್ಯಾಗ ಫೈಲ್ ಸ್ಟೋರೇಜಿಗೂ ನೋಎಸ್‌ಕ್ಯೂಎಲ್ಲಿಗೂ ಏನು ಫರಕ್ ಅಂದ್ರ..." ಅಂತ ಶುರುಮಾಡಿದೆ. ಹೌದು, ಮಾಡಿದೆ. ಜಂಪರ್ ಅಂತ ಬರೆದು ಖಾಲಿ ಬಿಟ್ಟರೆ ತಾನೇ ಸ್ವೆಟರಿನ ಅಳತೆ ತುಂಬುವ ಡಿಫಾಲ್ಟ್ ವ್ಯಾಲ್ಯೂವರೆಗೆ ಬಂದಿದ್ದೆ, ಆಂಟಿ ಕೈ ಎತ್ತಿ ನಿಲ್ಲಿಸಿದರು. ನನ್ನ ಕಡೆ ನೋಡಲೂ ಇಲ್ಲ.

"ನಸ್ರೀನಾ, ಕತ್ತರಿ ನೀ ಹಾಕಿದ್ದೇನು?"

"ಇಲ್ರಿ."

"ಹಾಕೂ ಮುಂದ ನೀ ಇದ್ದೇನು?"

"ಇಲ್ರಿ. ಇರಬೇಕಿತ್ತು."

"ಇರಬೇಕಿತ್ತು," ಅಂದರು ಆಂಟಿ. ಎದ್ದು ಒಳಗೆ ಹೋದರು. ನಸ್ರೀನಕ್ಕ ನೆಲ ನೋಡುತ್ತಾ ಕೂತಿದ್ದರು, ನಾನು ಗೋಡೆ ನೋಡುತ್ತಾ. ಒಳಗೆ ಬೀರು ತೆಗೆದ ಸದ್ದು. ಆಂಟಿ ಇನ್ನೊಂದು ಸೀರೆ ತಂದು ನಸ್ರೀನಕ್ಕನ ತೊಡೆಯ ಮೇಲಿಟ್ಟರು.

"ಇದನ್ನ ಉಟ್ಕೋತೀನಿ. ಕತ್ತರಿ ನೀನ ಹಾಕಬೇಕು, ಬ್ಯಾರೆ ಯಾರೂ ಮುಟ್ಟಬಾರ್ದು. ನಮ್ಮ ಬೀಗತಿಗೂ ನಿನ್ನ ಹೆಸರು ಹೇಳೀನಿ, ಆಕೀದೂ ಮೂರು ಹೊಲಿಯೂದು ಐತಂತ. ಹೆಸರು ಉಳಿಸು."

ನಸ್ರೀನಕ್ಕ ಓಡ್ನಿಯ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಲೆಯಾಡಿಸಿದರು. ನನಗೂ ಉಸಿರು ಬಂತು. ಎಲ್ಲ ಮುಗಿಯಿತು, ಇನ್ನು ಚಹಾ ಬರಬಹುದು ಅಂದುಕೊಂಡೆ.

ಆಗ ಆಂಟಿ ನನ್ನ ಕಡೆ ತಿರುಗಿದರು. ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

"ಗಿರೀಶಾ, ನಿಮ್ಮವ್ವ ಬ್ಲೌಸಿಗೆ ಏನಂತಾಳ?"

ನಾನು ಸೋಫಾದ ಮೇಲಿನ ಅಂಗಿಯ ಕಡೆ ನೋಡಿದೆ.

"ಜಂಪರ್ ಅಂತಾಳ್ರಿ."

"ಹೂಂ. ಅದನ್ನ ಯಾವ ಕ್ಲೌಡಿನ್ಯಾಗ ಇಟ್ಟು ಮರತಿದ್ದಿ, ತಮ್ಮಾ?"