ಮೇಟಗಳ್ಳಿಯಲ್ಲಿ ಹೊರಬಂದ ಮೂವತ್ತೊಂದು ಕಾಗದ

ಬೆಳಗಿನ ಐದೂ ಮುಕ್ಕಾಲು. ನಜರ್‌ಬಾದಿನ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಪ್ರೇಮಲೀಲಾ ಮಂಡಿಯೂರಿ ಕೂತಿದ್ದಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸ್ಕ್ರೂಡ್ರೈವರ್. ಎದುರಿಗೆ ಕಬ್ಬಿಣದ ಚೌಕಟ್ಟಿನಲ್ಲಿ ಕೂತಿರುವ ಪೆಟ್ಟಿಗೆಯ ಹೆಸರು ರೂಟರ್. ಅದರ ಬೆನ್ನಿನಿಂದ ಹೊರಟ ದಪ್ಪ ಕೇಬಲ್ಲಿನ ತಿರುಪು ಸಡಿಲವಾಗಿದೆ. ಬಿಗಿಮಾಡಿ, ದೀಪ ಮಿನುಗುವುದು ನಿಂತು ಹಸಿರಾಗಿ ಉರಿಯುವವರೆಗೆ ಕಾದು ನೋಡುತ್ತಾರೆ. ಹೊರಗೆ ಆಗಲೇ ಬರಿಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಬೆಂಚಿನ ಮೇಲೆ ಕೂತಿದ್ದಾರೆ. ಆರೂವರೆಗೆ ಲ್ಯಾಬ್ ಬಾಗಿಲು ತೆರೆಯುತ್ತದೆ. ಅಷ್ಟರೊಳಗೆ ಮೂರೂ ಕಡೆಯ ಲೈನು ಎದ್ದಿರಬೇಕು.

ಮೂರು ಕಡೆ ಎಂದರೆ ಖಾಸಗಿ ಆಸ್ಪತ್ರೆಯೊಂದರ ಮೂರು ಜಾಗಗಳು. ನಜರ್‌ಬಾದಿನಲ್ಲಿ ರಕ್ತ, ಕಫ ಪರೀಕ್ಷಿಸುವ ಲ್ಯಾಬು. ಕುವೆಂಪುನಗರದಲ್ಲಿ ರೋಗಿಗಳನ್ನು ನೋಡುವ ಆಸ್ಪತ್ರೆ. ಮೇಟಗಳ್ಳಿಯ ಕಾರ್ಖಾನೆಯೊಂದರ ಆವರಣದಲ್ಲಿ ಕಾರ್ಮಿಕರಿಗಾಗಿ ನಡೆಸುವ ಸಣ್ಣ ದವಾಖಾನೆ. ಒಟ್ಟು ನಲವತ್ತೊಂದು ಕಂಪ್ಯೂಟರು, ದಿನಕ್ಕೆ ಸುಮಾರು ಹದಿನಾಲ್ಕು ಫೋನು, ಮೊಪೆಡ್ಡಿನ ಮೇಲೆ ಮೂವತ್ತು ಕಿಲೋಮೀಟರ್ ಓಡಾಟ. ಇದೆಲ್ಲಕ್ಕೂ ಇರುವವರು ಪ್ರೇಮಲೀಲಾ ಒಬ್ಬರೇ. ಅವರಿಗೀಗ ನಲವತ್ತೊಂದು ವರ್ಷ. "ಮಿಷನ್ನಿಗೊಂದು ವರ್ಷ ಲೆಕ್ಕ" ಎಂದು ನಗುತ್ತಾರೆ.

ತಂದೆಯದು ಸಂತೇಪೇಟೆಯಲ್ಲಿ ಮಠಗಳಿಗೆ ವಿಭೂತಿ, ಬತ್ತಿ, ಎಣ್ಣೆ ಪೂರೈಸುವ ಅಂಗಡಿ. ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಟಿ.ವಿ. ರಿಪೇರಿಗೆ ಹೊರಟಾಗ ನೆಂಟರು ಮೂಗು ಮುರಿದರು. ಗಿರಾಕಿಗಳೂ ಅಷ್ಟೇ. "ಬೆಲ್ ಮಾಡಿದ್ರೆ, ಮೆಕ್ಯಾನಿಕ್ ಎಲ್ಲಮ್ಮಾ ಅಂತ ನನ್ನ ಹಿಂದೆ ನೋಡೋರು. ನಾನೇ ಅಂದ್ರೆ ಬಾಗಿಲಲ್ಲೇ ನಿಲ್ಲಿಸ್ಬುಡೋರು" ಎನ್ನುತ್ತಾರೆ. ೧೯೯೩ರಲ್ಲಿ ಆಸ್ಪತ್ರೆಗೆ ಸೇರಿದರು. ಆಗ ಅಲ್ಲಿದ್ದದ್ದು ನಾಲ್ಕೇ ಕಂಪ್ಯೂಟರು.

೨೦೦೦ದ ಮಾರ್ಚಿನಲ್ಲಿ ಮೂರೂ ಜಾಗಗಳನ್ನು ಟೆಲಿಫೋನ್ ಇಲಾಖೆಯ ಬಾಡಿಗೆ ಲೈನಿನಿಂದ ಜೋಡಿಸುವ ತೀರ್ಮಾನವಾಯಿತು. ತೆಳ್ಳನೆಯ ಲೈನು ಅದು. ಅಕ್ಷರಗಳು ಒಂದರ ಹಿಂದೊಂದು ಸಾಲುಗಟ್ಟಿ ಹೋಗಬೇಕು, ಅದಕ್ಕೇ ಸೀರಿಯಲ್ ಲಿಂಕ್ ಎಂದು ಹೆಸರು. ಮೂರೂ ಕಡೆಗೆ ರೂಟರ್ ಬಂದವು. ಅವನ್ನು ನಡೆಸಲು ಎರಡು ದಾರಿಯಿತ್ತು, ಬ್ರಿಡ್ಜಿಂಗ್ ಮತ್ತು ರೂಟಿಂಗ್.

"ಬ್ರಿಡ್ಜಿಂಗ್ ಅಂದ್ರೆ ಮೂರು ಮನೆ ಗೋಡೆ ಒಡೆದು ಒಂದೇ ಹಜಾರ ಮಾಡ್ದಂಗೆ. ಒಬ್ರು ಕೂಗಿದ್ರೆ ಎಲ್ರಿಗೂ ಕೇಳುತ್ತೆ" ಎಂದು ಪ್ರೇಮಲೀಲಾ ವಿವರಿಸುತ್ತಾರೆ. "ರೂಟಿಂಗ್‌ನಲ್ಲಿ ಗೋಡೆ ಹಂಗೇ ಇರುತ್ತೆ. ಬಾಗಿಲಲ್ಲಿ ಒಬ್ರು ಕೂತು, ವಿಳಾಸ ನೋಡಿ, ಯಾರಿಗೆ ಸೇರ್ಬೇಕೋ ಅವ್ರಿಗೆ ಮಾತ್ರ ಕಳಿಸ್ತಾರೆ."

ರೂಟಿಂಗ್ ಮಾಡಬೇಕೆಂದರೆ ಪ್ರತಿ ಕಂಪ್ಯೂಟರಿಗೂ ಕೂತು ಹೊಸ ವಿಳಾಸ ಕೊಡಬೇಕು. ಬ್ರಿಡ್ಜಿಂಗ್‌ಗೆ ಯಾವುದನ್ನೂ ಮುಟ್ಟಬೇಕಿಲ್ಲ. ಉದ್ಘಾಟನೆಗೆ ನಾಲ್ಕು ದಿನವಿತ್ತು. ರೂಟರ್ ಮಾರಿದವರೂ ಬ್ರಿಡ್ಜ್ ಮಾಡಿಬಿಡಿ, ಸಾಕು ಎಂದರು. ಪ್ರೇಮಲೀಲಾ ಹಾಗೇ ಮಾಡಿದರು. ನಜರ್‌ಬಾದಿನ ಪರೀಕ್ಷೆಯ ಫಲಿತಾಂಶ ಕುವೆಂಪುನಗರದ ವೈದ್ಯರ ಮೇಜಿನ ಮೇಲೆ ಕಾಣಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಸಂಗತಿ ಮಾತ್ರ ಪ್ರೇಮಲೀಲಾರ ಗಮನಕ್ಕೆ ಬರಲಿಲ್ಲ. ಲ್ಯಾಬಿನ ಪ್ರಿಂಟರ್ ಇದ್ದ ಕಂಪ್ಯೂಟರಿಗೂ ಮೇಟಗಳ್ಳಿಯ ಪ್ರಿಂಟರ್ ಇದ್ದ ಕಂಪ್ಯೂಟರಿಗೂ ಹಿಂದೆ ಅವರೇ ಒಂದೇ ಹೆಸರು ಇಟ್ಟಿದ್ದರು. ಬೇರೆ ಬೇರೆ ಇದ್ದಾಗ ಅದರಿಂದ ತೊಂದರೆಯಿರಲಿಲ್ಲ. ಈಗ ಎರಡೂ ಒಂದೇ ಹಜಾರದಲ್ಲಿದ್ದವು.

ಆ ವರ್ಷದ ಜುಲೈನಲ್ಲಿ ಲ್ಯಾಬಿನ ಟೈಪಿಸ್ಟ್ ಚಾಮುಂಡೇಶ್ವರಿಯನ್ನು ಕೆಲಸದಿಂದ ಅಮಾನತು ಮಾಡಲಾಯಿತು. ಮೇಟಗಳ್ಳಿಯ ಕಾರ್ಖಾನೆಯ ಕಾರ್ಮಿಕನೊಬ್ಬನ ಕಾಯಿಲೆಯ ವಿಷಯ, ಅವನ ವೈದ್ಯರಿಗೇ ತಿಳಿಯುವ ಮುಂಚೆ ಪಾಳಿಗೆಲ್ಲ ಹರಡಿಬಿಟ್ಟಿತ್ತು. ಆತನನ್ನು ಇಲ್ಲಿ ಮೂಗಯ್ಯ ಎಂದು ಕರೆಯೋಣ, ನಿಜವಾದ ಹೆಸರು ಬೇರೆ. ಕ್ಯಾಂಟೀನಿನಲ್ಲಿ ಅವನ ಪಕ್ಕ ಊಟಕ್ಕೆ ಕೂರಲು ಯಾರೂ ಒಪ್ಪಲಿಲ್ಲ. ಒಂದು ದಿನ ಅವನ ತಟ್ಟೆಯನ್ನೇ ಬೇರೆ ಇಟ್ಟರು. ಮಾರನೆಯ ದಿನದಿಂದ ಅವನು ಕೆಲಸಕ್ಕೆ ಹೋಗಲಿಲ್ಲ. ಚಾಮುಂಡೇಶ್ವರಿಯ ಭಾವ ಅದೇ ಕಾರ್ಖಾನೆಯಲ್ಲಿದ್ದ. ಸುದ್ದಿ ಹೊರಗೆ ಬಿಟ್ಟವಳು ಅವಳೇ ಎಂದು ಆಡಳಿತಾಧಿಕಾರಿ ನಂಜುಂಡಸ್ವಾಮಿ ನಿರ್ಧರಿಸಿಬಿಟ್ಟರು. ವರದಿಯನ್ನು ಟೈಪು ಮಾಡಿದ್ದೂ ಅವಳೇ ತಾನೆ? ಅವಳು ಅತ್ತಳು, ದೇವರ ಮೇಲೆ ಆಣೆಯಿಟ್ಟಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಿವಿಗೆ ಹಾಕಿಕೊಳ್ಳದವರಲ್ಲಿ ತಾನೂ ಒಬ್ಬಳು ಎಂದು ಪ್ರೇಮಲೀಲಾ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಅಮಾನತಾದ ಹದಿನೇಳನೆಯ ದಿನ ಮೇಟಗಳ್ಳಿಯಿಂದ ಫೋನು ಬಂತು. ಲೈನು ತೀರಾ ನಿಧಾನ ಎಂಬ ದೂರು. ಪ್ರೇಮಲೀಲಾ ಹೋಗಿ ನೋಡಿದರು. ಕೇಬಲ್ಲಿನ ಗುರುತು ಬರೆದುಕೊಳ್ಳಲು ಕಾಗದ ಬೇಕಾಯಿತು. ದವಾಖಾನೆಯ ಅಟೆಂಡರ್ ಸಿದ್ದಪ್ಪಾಜಿ ಗೋಡೆಯ ಮೊಳೆಗೆ ಕ್ಲಿಪ್ ಹಾಕಿ ನೇತುಬಿಟ್ಟಿದ್ದ ಕಟ್ಟಿನಿಂದ ಒಂದು ಹಾಳೆ ಎಳೆದುಕೊಟ್ಟ. ಅದರ ಮೇಲೆ ಅರ್ಧದಷ್ಟು ಯಾರೋ ಬರೆದಿದ್ದರು: ಮೊದಲ ಪಾಳಿ, ಟೀ ಅರವತ್ತು, ಬನ್ನು ಇಪ್ಪತ್ತು. ಉಳಿದ ಜಾಗ ಸಾಲದೆ ಪ್ರೇಮಲೀಲಾ ಹಾಳೆ ಮಗುಚಿದರು.

ಹಿಂಬದಿಯಲ್ಲಿ ನಜರ್‌ಬಾದ್ ಲ್ಯಾಬಿನ ಶಿರೋನಾಮೆ. ಕುವೆಂಪುನಗರದ ಹೆಂಗಸೊಬ್ಬರ ಹೆಸರು, ವಯಸ್ಸು, ಯಾವ ಪರೀಕ್ಷೆ, ಏನು ಫಲಿತಾಂಶ, ಎಲ್ಲವೂ ಇತ್ತು.

ಇದು ಎಲ್ಲಿಂದ ಬಂತು ಎಂದು ಕೇಳಿದರು. ಸಿದ್ದಪ್ಪಾಜಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. "ಮಿಷಿನ್ನು ಆಗಾಗ ಸುಮ್‌ಸುಮ್ನೆ ಉಗೀತದೆ ಮೇಡಂ. ಒಂದ್ ಮಗ್ಗುಲು ಖಾಲಿ ಅದಲ್ಲ, ಯಾಕ್ ಬಿಸಾಕದು ಅಂತ ಮಡಿಕ್ಕೊಂಡಿವ್ನಿ. ಹಾಜ್ರಿ ಬರ್ಕೊಳೋ ಟೈಮಾಪೀಸ್ನೋರೂ ಬಂದು ಈಸ್ಕೊಂಡೋಯ್ತಾರೆ."

ಪ್ರೇಮಲೀಲಾ ಅಲ್ಲೇ ಸ್ಟೂಲಿನ ಮೇಲೆ ಕೂತು ಕಟ್ಟು ಬಿಚ್ಚಿದರು. ಒಂದೊಂದಾಗಿ ಮಗುಚಿದರು. ಬಸುರಿಯರ ವರದಿಗಳಿದ್ದವು, ಮಕ್ಕಳ ವರದಿಗಳಿದ್ದವು, ಅವರಿಗೆ ಪರಿಚಯವಿದ್ದ, ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳ ವರದಿಯಿತ್ತು. ಆ ಹಾಳೆಗಳ ಬೆನ್ನ ಮೇಲೆಲ್ಲ ಟೀ ಲೆಕ್ಕ, ಬಸ್ಸಿನ ಹೊತ್ತು, ಯಾರದೋ ಫೋನ್ ನಂಬರು. ಎಣಿಸಿದರೆ ಮೂವತ್ತೊಂದು. ಕಸದ ಬುಟ್ಟಿಗೆ ಹೋದವು ಎಷ್ಟೋ, ಅದು ಯಾರಿಗೂ ಗೊತ್ತಿಲ್ಲ. ಮೂಗಯ್ಯನ ಹಾಳೆಯೂ ಅದರಲ್ಲಿತ್ತು. ಅದರ ಹಿಂದೆ ಏನೂ ಬರೆದಿರಲಿಲ್ಲ. ಆದರೆ ಹಲವು ಬಾರಿ ಮಡಿಸಿ ಬಿಚ್ಚಿದ ಗೆರೆಗಳಿದ್ದವು. ಹಾಳೆ ಕೈಯಿಂದ ಕೈಗೆ ಹೋಗಿ ಬಂದಿತ್ತು.

ಕಾರಣ ಅವರಿಗೆ ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ. ನಜರ್‌ಬಾದಿನಲ್ಲಿ ಕರೆಂಟು ಹೋಗಿ ಲ್ಯಾಬಿನ ಯಂತ್ರ ಆರಿದ ದಿನ, ಮೇಟಗಳ್ಳಿಯ ಯಂತ್ರ ಮೊದಲು ಎದ್ದು ಆ ಹೆಸರು ತನ್ನದು ಎಂದು ಹಿಡಿದುಕೊಳ್ಳುತ್ತಿತ್ತು. ಆಮೇಲೆ ಎದ್ದ ಲ್ಯಾಬಿನ ಯಂತ್ರ, ಈ ಹೆಸರಿನವರು ಆಗಲೇ ಇದ್ದಾರೆ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಅಲ್ಲಿದ್ದವರು ಅದನ್ನು ಓದದೆ ಗುಂಡಿ ಒತ್ತುತ್ತಿದ್ದರು. ಅಂದು ಲ್ಯಾಬಿನ ಬೇರೆ ಮೇಜುಗಳಿಂದ ಕಳಿಸಿದ ವರದಿಗಳೆಲ್ಲ ಎಂಟು ಕಿಲೋಮೀಟರ್ ಆಚೆ ಕಾರ್ಖಾನೆಯ ಕೋಣೆಯಲ್ಲಿ ಅಚ್ಚಾಗುತ್ತಿದ್ದವು. ಲ್ಯಾಬಿನಲ್ಲಿ ಪ್ರಿಂಟರ್ ಕೆಟ್ಟಿದೆ ಎಂದು ಬೈದುಕೊಂಡು, ಯಂತ್ರ ಸರಿಹೋದ ಮೇಲೆ ಮತ್ತೆ ತೆಗೆಯುತ್ತಿದ್ದರು.

"ಆವತ್ತು ಮೊಪೆಡ್ ಸ್ಟಾರ್ಟ್ ಮಾಡಕ್ಕೆ ಆಗ್ಲಿಲ್ಲ ಕಣ್ರೀ ನಂಗೆ. ತಳ್ಕೊಂಡೇ ಕೆ.ಆರ್.ಎಸ್. ರೋಡ್‌ವರ್ಗೂ ಬಂದೆ" ಎನ್ನುತ್ತಾರೆ.

ಸಂಜೆ ನಂಜುಂಡಸ್ವಾಮಿಯವರ ಮುಂದೆ ಹಾಳೆಗಳನ್ನಿಟ್ಟರು. ಅವರು ಒಂದೊಂದನ್ನೂ ಮಗುಚಿ ನೋಡಿದರು. ಆಮೇಲೆ, ಸದ್ದಿಲ್ಲದೆ ಸರಿಮಾಡಿಬಿಡಿ ಎಂದರು. ಹೊರಗೆ ಗೊತ್ತಾದರೆ ಲ್ಯಾಬಿಗೆ ಯಾರೂ ಕಾಲಿಡುವುದಿಲ್ಲ, ಟೈಪಿಸ್ಟ್ ಮೇಲಿನ ವಿಚಾರಣೆ ಹೇಗೂ ಮುಗಿದಿದೆ ಎಂದರು. ಪ್ರೇಮಲೀಲಾ ಮನೆಗೆ ಬಂದು ಆಡಳಿತಕ್ಕೆ ಒಂದು ಪುಟದ ಪತ್ರ ಬರೆದರು. ಬ್ರಿಡ್ಜಿಂಗ್ ಆರಿಸಿದ್ದು ತಾನು, ಎರಡು ಯಂತ್ರಕ್ಕೆ ಒಂದೇ ಹೆಸರಿಟ್ಟದ್ದು ತಾನು, ಚಾಮುಂಡೇಶ್ವರಿಯದು ಏನೂ ತಪ್ಪಿಲ್ಲ, ಮೂವತ್ತೊಂದು ಜನರಿಗೂ ವಿಷಯ ತಿಳಿಸಬೇಕು. ಬೆಳಿಗ್ಗೆ ಅದರ ಪ್ರತಿಯನ್ನು ಆಸ್ಪತ್ರೆಯ ಪ್ರತಿ ವೈದ್ಯರ ಮೇಜಿನ ಮೇಲೂ ಇಟ್ಟರು. ಮುಚ್ಚಿಡುವುದು ಆಗ ಯಾರ ಕೈಯಲ್ಲೂ ಇರಲಿಲ್ಲ. ವೈದ್ಯರೇ ತಮ್ಮ ತಮ್ಮ ರೋಗಿಗಳನ್ನು ಕರೆಸಿ ತಿಳಿಸಿದರು. ಪ್ರೇಮಲೀಲಾರಿಗೆ ಮೆಮೊ ಬಂತು, ಬಡ್ತಿ ಆರು ವರ್ಷ ನಿಂತಿತು.

ಮುಂದಿನ ಮೂರು ಭಾನುವಾರ ಅವರು ಒಬ್ಬರೇ ಮೂರೂ ಜಾಗ ಸುತ್ತಿ, ಒಂದೊಂದು ಯಂತ್ರದ ಮುಂದೂ ಕೂತು ವಿಳಾಸ ಕೊಟ್ಟರು. ಬ್ರಿಡ್ಜಿಂಗ್ ತೆಗೆದು ರೂಟಿಂಗ್ ಮಾಡಿದರು. ಒಂದು ಕಡೆಯ ಕೂಗು ಇನ್ನೊಂದು ಕಡೆಗೆ ಕೇಳುವುದು ನಿಂತಿತು. ಬೇಡದ ಕೂಗಾಟವೆಲ್ಲ ಲೈನಿನಿಂದ ಇಳಿದ ಮೇಲೆ ನಿಧಾನದ ದೂರೂ ನಿಂತಿತು.

ಚಾಮುಂಡೇಶ್ವರಿ ಕೆಲಸಕ್ಕೆ ಮರಳಿದಳು. ಪ್ರೇಮಲೀಲಾ ಕ್ಷಮೆ ಕೇಳಲು ಹೋದಾಗ ಅವಳು ಹೇಳಿದ ಮಾತು ಅವರಿಗೆ ಇಂದಿಗೂ ಚುಚ್ಚುತ್ತದೆ. "ಹದಿನೇಳು ದಿನ ಬೀದೀಲಿ ತಲೆ ಎತ್ಕೊಂಡು ನಡೀಲಿಲ್ಲ ಅಕ್ಕ ನಾನು. ಮೊದಲ್ನೇ ದಿನಾನೇ ನಿಮ್ ಮಿಷನ್ ಒಂದ್ಸಲ ನೋಡ್ಬೋದಾಗಿತ್ತಲ್ವಾ?" ಒಂದು ವರ್ಷ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಈಗ ಲ್ಯಾಬಿನ ದಾಖಲೆಗಳೆಲ್ಲ ಚಾಮುಂಡೇಶ್ವರಿಯ ಉಸ್ತುವಾರಿಯಲ್ಲಿವೆ.

ಮೂಗಯ್ಯನ ಮನೆಗೂ ಪ್ರೇಮಲೀಲಾ ಹೋಗಿದ್ದರು. ಅವನು ಜಗಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಕಾರ್ಖಾನೆಯವರು ವಾಪಸ್ ಕರೆದರೂ ಹೋಗುವುದಿಲ್ಲ ಎಂದ. ತಪ್ಪು ಒಪ್ಪಿಕೊಳ್ಳಲು ಇವರೊಬ್ಬರಾದರೂ ಬಂದರಲ್ಲ ಎಂದ. ಆಮೇಲೆ ಮೆಲ್ಲಗೆ, "ಆದ್ರೆ ಇದ್ರಿಂದ ನಂಗೇನಾಯ್ತದೆ ಮೇಡಂ?" ಎಂದು ಕೇಳಿದ. ಪ್ರೇಮಲೀಲಾ ಎದ್ದುಬಂದರು. ಅವನು ಆಮೇಲೆ ಒಂದು ಲೇತ್ ಅಂಗಡಿ ಸೇರಿದನೆಂದು ಕೇಳಿದ್ದರು, ಅಷ್ಟೇ. ಅವನಿಗಿದ್ದ ಕಾಯಿಲೆ ಏನೆಂದು ಎಷ್ಟು ಕೇಳಿದರೂ ಅವರು ಬಾಯಿಬಿಡುವುದಿಲ್ಲ.

ಹೋದ ವರ್ಷ, ೨೦೦೬ರ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಚಾಮುಂಡೇಶ್ವರಿ ಮೆಟ್ಟಿಲ ಕೆಳಗಿನ ಕೋಣೆಗೆ ಬಂದು, ಅಕ್ಕ ಒಂದ್ನಿಮಿಷ ಎಂದು ಕರೆದಳು. ಹೊರಗಿನ ಬೆಂಚಿನ ಮೇಲೆ ಮೂಗಯ್ಯ ಕೂತಿದ್ದ. ಕೂದಲು ಬೆಳ್ಳಗಾಗಿತ್ತು, ಮೈಕೈ ತುಂಬಿಕೊಂಡಿತ್ತು. ರಕ್ತ ಪರೀಕ್ಷೆಗೆ ಬಂದಿದ್ದ. ಅವನ ಮನೆಯ ಪಕ್ಕದಲ್ಲೇ ಈಗ ಬೇರೆ ಲ್ಯಾಬುಗಳಿದ್ದವು. ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಲು ಪ್ರೇಮಲೀಲಾರಿಗೆ ಧೈರ್ಯವಾಗಲಿಲ್ಲ.

ಅವನೇ ಹೇಳಿದ. "ಈಗ ಸರಿಯಾಗಿ ಮಾಡೀರಂತೆ ಅಂದ್ರು. ನೋಡವ ಅಂತ ಬಂದೆ."

ಸಂಜೆ ವರದಿ ಬರುವ ಹೊತ್ತಿಗೆ ಪ್ರೇಮಲೀಲಾ ಲ್ಯಾಬಿನ ಪ್ರಿಂಟರಿನ ಹತ್ತಿರ ನಿಂತಿದ್ದರು. ಹಾಳೆ ಹೊರಬಂತು. ಚಾಮುಂಡೇಶ್ವರಿ ಅದನ್ನು ಬೋರಲಾಗಿಯೇ ತೆಗೆದು ಮಡಿಸಿ ಲಕೋಟೆಗೆ ಹಾಕಿ ಅಂಟಿಸಿದಳು. ಪ್ರೇಮಲೀಲಾ ಅದನ್ನು ಕೊಂಡೊಯ್ದು ಮೂಗಯ್ಯನ ಕೈಗೆ ಕೊಟ್ಟರು. ಅವನು ಲಕೋಟೆಯನ್ನು ತಿರುಗಿಸಿ ನೋಡಿದ, ಅಂಟು ಮುಟ್ಟಿ ನೋಡಿದ, ಜೇಬಿಗಿಟ್ಟುಕೊಂಡು ಬಸ್ಸಿಗೆ ಹೊರಟ.

ಹದಿನಾಲ್ಕು ವರ್ಷದ ಕೆಲಸದಲ್ಲಿ ಹೆಮ್ಮೆ ಅನ್ನಿಸಿದ್ದು ಯಾವುದು ಎಂದು ಕೇಳಿದರೆ ಪ್ರೇಮಲೀಲಾ ಹೇಳುವುದು ಆ ಸಂಜೆಯನ್ನೇ.

"ಆ ಕಾಗದದಲ್ಲಿ ಏನಿತ್ತು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ" ಎನ್ನುತ್ತಾರೆ.