ಹುಳದ ಮನೆ ಬಾಗಿಲಲ್ಲಿ

ಮೇಲೂರಿನ ರಾಮಲಕ್ಷ್ಮಮ್ಮ ರೇಷ್ಮೆ ಹುಳ ಸಾಕೋದರಲ್ಲಿ ಎಷ್ಟು ಗಟ್ಟಿಗಿತ್ತಿಯೋ ಬಾಯಲ್ಲೂ ಅಷ್ಟೇ ಜೋರು. ಅವಳ ಹುಳದ ಮನೆಗೆ ಸ್ವಂತ ಅಳಿಯನೇ ಬಂದರೂ ಬ್ಲೀಚಿಂಗ್ ಪೌಡರ್ ನೀರಲ್ಲಿ ಕಾಲು ತೊಳೆದು, ಕೇಳಿಯೇ ಒಳಗೆ ಬರಬೇಕು. ಪೊರೆ ಬಿಡುವ ಹುಳ ಸೊಪ್ಪು ಮುಟ್ಟದೆ ಸುಮ್ಮನೆ ಕೂರುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ. ಆಗಂತೂ ಯಾರೂ ಕೈ ಹಾಕುವಂತಿಲ್ಲ.

ಅವತ್ತು ಹುಳ ಜ್ವರಕ್ಕೆ ಕೂತಿತ್ತು. ಮೈದುನ ಚನ್ನಕೇಶವ ಬಂದವನೇ ಜಗಲಿಯಲ್ಲಿ ಕೂತು, ಅವಳ ಪುಟ್ಟ ಮೊಮ್ಮಗಳು ಮೌನಿಕಾಳ ತೋಳು ಹಿಡಿದೆಳೆದ. "ಬಾರಮ್ಮ, ತಾತಂಗೊಂದು ಮುತ್ತು ಕೊಡು."

ಮಗು ಕೊಸರಿಕೊಂಡು ಓಡಿ, ಹುಳದ ಮನೆ ಬಾಗಿಲಿಗೆ ಆತುಕೊಂಡು ನಿಂತಿತು. ರಾಮಲಕ್ಷ್ಮಮ್ಮನಿಗೆ ಮೈ ಉರಿಯಿತು.

"ದೊಡ್ಡೋರು ಕರೆದರೆ ಹಿಂಗಾಡ್ತಾರೇನೇ? ಹೋಗು!" ಎಂದು ರಟ್ಟೆ ಹಿಡಿದು ಮುಂದಕ್ಕೆ ತಳ್ಳಿದಳು.

"ಅಜ್ಜಿ, ಹುಳ ಮುಟ್ಟಿದ್ರೆ ಎಲ್ಲರಿಗೂ ಬೈತೀಯ. ನನ್ನ ಮುಟ್ಟಿದ್ರೆ ಯಾಕೆ ಬೈಯಲ್ಲ?"

ರಾಮಲಕ್ಷ್ಮಮ್ಮನ ಹಿಡಿತ ಸಡಿಲವಾಯಿತು. ಅಷ್ಟರಲ್ಲಿ ಚನ್ನಕೇಶವ ನಗುತ್ತಾ ಎದ್ದು ಬಂದು ಮತ್ತೆ ಕೈ ಚಾಚಿದ. ಅವಳು ಅಡ್ಡ ನಿಂತಳು.

"ತಡಿಯಪ್ಪ. ಮೊದಲು ಅವಳನ್ನ ಕೇಳು."

"ಏನತ್ತಿಗೆ, ನಮ್ಮನೆ ಮಗೂನ ಮುಟ್ಟೋಕೂ ಅಪ್ಪಣೆ ಬೇಕಾ?" ಅವನ ನಗು ಆರಿತ್ತು.

"ನಮ್ಮನೆ ಹುಳ ಮುಟ್ಟೋಕೆ ಇಷ್ಟು ವರ್ಷ ಕೇಳಿಲ್ವಾ?"

ಅವನು ಮುಖ ಗಂಟಿಕ್ಕಿಕೊಂಡು ಮಗುವಿನತ್ತ ತಿರುಗಿದ. "ಏನಮ್ಮ, ಮುತ್ತು ಕೊಡ್ತೀಯಾ?"

ಮೌನಿಕಾ ಅಜ್ಜಿಯ ಸೆರಗು ಹಿಡಿದಳು. "ಬೇಡ ತಾತ."

"ಕೇಳಿಸ್ತಲ್ಲ. ಕೂತ್ಕೋ, ಕಾಫಿ ತರ್ತೀನಿ" ಅಂದಳು ರಾಮಲಕ್ಷ್ಮಮ್ಮ. ಮಗುವನ್ನು ಬಾಚಿಕೊಳ್ಳಲು ಬಾಗಿದವಳ ಕೈ ಅರ್ಧದಲ್ಲೇ ನಿಂತಿತು.

"ಎತ್ಕೊಳ್ಳಲೇನಮ್ಮ?" ಎಂದು ಕೇಳಿದಳು.