ರಕ್ತದ ಜಾತಕ ಕೇಳುತ್ತಿದ್ದ ಸೋನಾಬಾಯಿ

"ಹಲ್ಲು ಕೀಳಿಸಿದಾಗ ರಕ್ತ ಎಷ್ಟೊತ್ತಿಗೆ ನಿಂತಿತ್ರಿ?"

ಜಮಖಂಡಿ ಸಂಸ್ಥಾನದ ದವಾಖಾನೆಗೆ ಆಪರೇಶನ್ನಿಗೆಂದು ಬಂದವರನ್ನು ನರ್ಸ್ ಸೋನಾಬಾಯಿ ಹೆಸರು ಕೇಳುವ ಮೊದಲೇ ಹೀಗೆ ಕೇಳುತ್ತಿದ್ದರು. ಉತ್ತರ ಬರುವವರೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇರುತ್ತಿದ್ದರು. ವರನನ್ನು ನೋಡಲು ಬಂದ ಬೀಗರೂ ಅಷ್ಟು ವಿಚಾರಿಸಲಾರರು.

ರಬಕವಿಯಲ್ಲಿ ಶಾಲೆಯ ಮಾಸ್ತರನಾಗಿದ್ದ ನಾನು ಹರ್ನಿಯಾಕ್ಕಾಗಿ ಅಲ್ಲಿ ಸೇರಿದ್ದೆ. ಪಕ್ಕದ ಮಂಚದಲ್ಲಿ ಸಾವಳಗಿಯ ಭೀಮಪ್ಪ, ದೊಡ್ಡ ಮೀಸೆಯ ರೈತ. ಅವನಿಗೂ ಅದೇ ಬೇನೆ. ಬಾಯಿಯವರ ಪ್ರಶ್ನೆಗೆ ಅವನು ಮೀಸೆ ತೀಡಿ, "ನಮ್ಮ ರಕ್ತ ನಾವು ಹೇಳಿದಂಗ ಕೇಳತೈತ್ರಿ" ಎಂದ.

ಸೋನಾಬಾಯಿ ನಂಬಲಿಲ್ಲ. ಪಡಸಾಲೆಯಲ್ಲಿ ಬುತ್ತಿ ಬಿಚ್ಚುತ್ತಿದ್ದ ಅವನ ತಾಯಿಯ ಬಳಿ ಹೋಗಿ ಕೂತರು.

"ಯವ್ವಾ, ಸಣ್ಣಾಂವ ಇದ್ದಾಗ ಇವನ ಕಿವಿ ಚುಚ್ಚಿಸಿದ್ರೇನು?"

"ಅಯ್ಯ, ಅದನ್ನೇನ ಕೇಳತಿ! ಎರಡು ದಿನ ರಕ್ತ ನಿಲ್ಲಲಿಲ್ಲ. ಅರಿಷಿಣ ಒತ್ತಿ ಒತ್ತಿ ನನ್ನ ಕೈ ಸೋತಿದ್ದುವು."

ಸೋನಾಬಾಯಿ ಇದನ್ನು ತಿಳಿಸಿದ್ದರಿಂದ ಮರುದಿನ ಮುಂಜಾನೆ ಡಾಕ್ಟರರು ನಮ್ಮಿಬ್ಬರ ಕಿವಿಯ ಹಾಲೆಗೂ ಸೂಜಿ ಚುಚ್ಚಿ, ಗಡಿಯಾರ ನೋಡುತ್ತ, ಅರ್ಧ ನಿಮಿಷಕ್ಕೊಮ್ಮೆ ಮಸಿ ಹೀರುವ ಕಾಗದ ಒತ್ತಿದರು. ನನ್ನದು ನಾಲ್ಕು ಚುಕ್ಕೆಗೆ ನಿಂತಿತು. ಭೀಮಪ್ಪನದು ಕಾಗದ ತುಂಬಿದರೂ ನಿಲ್ಲಲಿಲ್ಲ. ಕೊಯ್ದಿದ್ದರೆ ಅವನು ಮೇಜಿನಿಂದ ಏಳುತ್ತಿರಲಿಲ್ಲವೆಂದ ಡಾಕ್ಟರರು ಆಪರೇಶನ್ನಿನ ಬದಲು ಸೊಂಟಕ್ಕೆ ಬಿಗಿಯುವ ತೊಗಲಿನ ಪಟ್ಟಿ ಕೊಟ್ಟು ಕಳಿಸಿದರು. ಅವನ ತಾಯಿ ಸೋನಾಬಾಯಿಯವರ ಗದ್ದ ಹಿಡಿದು ಅತ್ತಳು. ಬಾಯಿಯವರು ಮಾತ್ರ ಭೀಮಪ್ಪನನ್ನು ಗದರಿದರು: "ಸುಳ್ಳು ಹೇಳಾಕ ದವಾಖಾನಿನ ಸಿಕ್ತೇನಪಾ ನಿನಗ?"

ನನ್ನ ಆಪರೇಶನ್ ಆಯಿತು. ಹತ್ತು ದಿನ ಅಲುಗಾಡದೆ ಮಲಗಬೇಕೆಂದು ಡಾಕ್ಟರರ ಕಟ್ಟಪ್ಪಣೆ. ಅವರು ಅತ್ತ ಹೋದೊಡನೆ ಸೋನಾಬಾಯಿ ಇತ್ತ ಹಾಜರು.

"ಮಾಸ್ತರ್ರ, ಪಾದ ಆಡಸ್ರಿ. ಮ್ಯಾಲ, ಕೆಳಗ."

"ಅಲುಗಾಡಬ್ಯಾಡ ಅಂದಾರಲ್ರಿ?"

"ಹೊಟ್ಟಿ ಅಲುಗಾಡಬಾರದು. ಪಾದ ಹೊಟ್ಟ್ಯಾಗ ಅದಾವೇನ್ರಿ?"

ನಾನು ನಕ್ಕೆ. ಅವರು ನಗಲಿಲ್ಲ; ಸ್ಟೂಲಿನ ಮೇಲೆ ಕೂತು ದನಿ ತಗ್ಗಿಸಿದರು. ಹಿಂದಿನ ವರ್ಷ ಬೀಳಗಿಯ ಹೆಣ್ಣುಮಗಳೊಬ್ಬಳು ಹೀಗೇ ಮಲಗಿದ್ದಳಂತೆ. ಗಾಯ ಮಾಯ್ದಿತ್ತು, ಕಾಲು ಊದಿತ್ತು. ಊರಿಗೆ ಹೊರಡುವ ದಿನ ನೆಲಕ್ಕೆ ಕಾಲಿಟ್ಟವಳು ಉಸಿರುಗಟ್ಟಿ ಬಿದ್ದಳು.

"ಕಾಲಾಗ ಹೆಪ್ಪುಗಟ್ಟಿದ ರಕ್ತ ಎದಿಗೆ ಏರಿತಂತ. ಆಕಿ ತಲಿ ಅವತ್ತ ನಾನ ಬಾಚಿದ್ನಿರಿ."

ಆಮೇಲೆ ನಾನು ಎದುರು ಮಾತಾಡದೆ ಪಾದ ಆಡಿಸಿದೆ. ಮೂರನೆಯ ದಿನ ಡಾಕ್ಟರರು ಬಂದಾಗ ಹೊದಿಕೆ ಕುಣಿಯುತ್ತಿತ್ತು.

"ಏನಿದು ಬಾಯಿ?"

"ಮಾಸ್ತರ್ರ ಕಾಲು ಸಾಲಿಗೆ ಹೊಂಟಾವ್ರಿ ಸಾಹೇಬ್ರ."

ಡಾಕ್ಟರರು ಹೊದಿಕೆ ಸರಿಸಿ ನನ್ನ ಕಾಲು ನೋಡಿ, "ಉಳಿದವರ ಕಾಲೂ ಕಳಸ್ರಿ" ಎಂದು ಮುಂದೆ ನಡೆದರು. ಆ ಸಂಜೆ ವಾರ್ಡಿನ ಹೊದಿಕೆಗಳೆಲ್ಲ ಕುಣಿದವು.

ಕೆಲವು ವರ್ಷಗಳ ಮೇಲೆ, ಸಂಸ್ಥಾನ ಭಾರತದಲ್ಲಿ ವಿಲೀನವಾದಾಗ, ಸೋನಾಬಾಯಿ ಕೆಲಸ ಬಿಟ್ಟು ಮಿರಜದ ತಮ್ಮನ ಮನೆಗೆ ಹೊರಟರು. ಬೀಳ್ಕೊಡಲು ಕುಡಚಿ ಸ್ಟೇಶನ್ನಿಗೆ ಹೋದೆ. ಅವರ ಟ್ರಂಕು ಎತ್ತಲು ಬಗ್ಗಿದೆನೋ ಇಲ್ಲವೋ, ಪ್ಲಾಟ್‌ಫಾರ್ಮೇ ತಿರುಗಿ ನೋಡುವಂತೆ ಕೂಗಿದರು: "ಮಾಸ್ತರ್ರ, ಮುಟ್ಟಬ್ಯಾಡ್ರಿ! ನಾ ಹೋದಮ್ಯಾಲ ಹೊಲಿಗಿ ಬಿಚ್ಚಿದ್ರ ನೋಡಾವ್ರು ಯಾರು?"

ತಾವೇ ಟ್ರಂಕು ಎತ್ತಿಕೊಂಡು ಡಬ್ಬಿ ಹತ್ತಿದರು. ಗಾಡಿ ಕೃಷ್ಣೆಯ ಸೇತುವೆ ದಾಟುವ ಸದ್ದು ಅಡಗುವವರೆಗೂ ನಾನು ಬರಿಗೈಯಲ್ಲಿ ನಿಂತಿದ್ದೆ. ಮತ್ತೆ ಅವರನ್ನು ಕಾಣಲಿಲ್ಲ.